ಎರಡು ತಾಸಿಗೊಮ್ಮೆ

ದಾಪೋಡಿ ಸ್ಟೇಷನ್ನಿನ ಬಾಜೂಕ ಝೆರಾಕ್ಸ್ ಅಂಗಡಿ,
ಅದರ ಮ್ಯಾಲಿನ ಮಾಳಿಗಿ ನಮ್ಮ ಸಾಲಿ.
ಲೋಕಲ್ ಹಾದುಹೋದರ ತಾತ್ಯಾನ ಮಂಚ ನಡಗತದ.
ತಾತ್ಯಾ ಅಂದ್ರ ರಬ್ಬರಿನ ಗೊಂಬಿ,
ಹುಡುಗ್ಯಾರು ಇಟ್ಟ ಹೆಸರು.
ಹೊಟ್ಟಿಗೆ ಝಿಪ್ಪು, ಎಡಗೈಗೆ ಮೂರೇ ಬೆರಳು,
ಮುಖದಾಗ ಯಾವತ್ತೂ ಬ್ಯಾನಿ ಇಲ್ಲ.

ಹದಿನೇಳು ವರ್ಷ ಈ ಕೆಲಸ ಮಾಡಿದಾಕಿ ನಾ, ಗುರುಬಸವ್ವ.
ಬ್ಯುರೋದಾವ ಅಂದ: ಮೌಶಿ, ಇನ್ನ ಸರ್ಟಿಫಿಕೇಟ್ ಇಲ್ಲಂದ್ರ
ದೊಡ್ಡ ದವಾಖಾನಿ ಒಳಗ ಬಿಡೂದಿಲ್ಲ.
ನಾಕು ತಿಂಗಳು. ಫೀ ಅರ್ಧ ಈಗ, ಅರ್ಧ ಪಗಾರದಾಗ ಕಡಿತ.
ನಾ ನಕ್ಕಿದ್ದೆ.
ಎಷ್ಟು ಮಂದಿಗೆ ಗಂಜಿ ಉಣಿಸಿದ ಕೈ ಇದು,
ಎಷ್ಟು ಮಂದಿ ಕಣ್ಣು ಮುಚ್ಚಿದ್ದು,
ಇದಕ್ಕ ಈಗ ಹಾಳಿ ಬೇಕಂತ.

ಬಾಜೂಕ ನಿಕಿತಾ, ಹತ್ತೊಂಬತ್ತು, ನನ್ನ ಸಣ್ಣ ಮಗಳ ವಾರಿಗಿ.
ಬೆಡ್‌ಪ್ಯಾನ್ ಕಂಡ ಕೂಡಲೆ ಮೂಗು ಮುಚ್ಚಿದಳು.
ಅದು ಹೊಸಾದು,
ಇನ್ನೂ ಪ್ಲಾಸ್ಟಿಕ್ ಚೀಲದಾಗ ಇತ್ತು.

ಸಿಸ್ಟರ್ ಉಜ್ವಲಾ ಕಾಂಬಳೆ ಕೈ ತೊಳೆಯೂದು ಕಲಿಸಿದಳು, ಎರಡು ದಿನ.
ಎರಡು ದಿನ!
ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ.
ಮೂರನೇ ದಿನ ಅದೆಂಥದೋ ಪುಡಿ ಹಚ್ಚಿ, ತೊಳಿಸಿ,
ನೀಲಿ ದೀಪ ಹಿಡದಳು.
ನನ್ನ ಹಸಿರು ಬಳಿ ಕೆಳಗ ಮಿಣಮಿಣ ಅಂತಿತ್ತು.
ನಿಕಿತಾನ ಕೈ ಸ್ವಚ್ಛ.
ಬಳಿ ತಗದು ಪರ್ಸಿನ್ಯಾಗ ಇಟ್ಟೆ. ಯಾರಿಗೂ ಏನೂ ಅನ್ನಲಿಲ್ಲ.

ಬರಿಯೂ ಪರೀಕ್ಷಾ ಮರಾಠಿಯೊಳಗ.
ನನಗ ಮರಾಠಿ ಬಾಯಾಗ ಅದ, ಪೆನ್ನಿನ್ಯಾಗ ಇಲ್ಲ.
ನಿಕಿತಾ ರಾತ್ರಿ ಪುಸ್ತಕ ಓದಿ ವಾಟ್ಸಾಪಿಗೆ ದನಿ ಹಾಕತಾಳ,
ನಾ ಭಾಂಡೆ ತಿಕ್ಕೋತ ಕೇಳತೇನಿ.
ಬದಲಿಗೆ ಆಕಿಗೆ ಉಣಿಸೂದು ತೋರಿಸಿದೆ:
ಚಮಚಾ ಒತ್ತಬ್ಯಾಡ, ಕೆಳತುಟಿಗೆ ಸುಮ್ಮ ತಾಗಸು, ತಡಿ.
ತಾವಾಗೇ ಬಾಯಿ ತೆರೀತಾರ.
ಇದು ಪುಸ್ತಕದಾಗ ಎಲ್ಲದ ಮೌಶಿ, ಅಂದಳು.
ಬರಕೋ, ಅಂದೆ.

ಆಮ್ಯಾಲ ಆ ಮಂಗಳವಾರ.
ಪಾಠ: ಹಾಸಗಿ ಹಿಡದವರ ಮೈ ಹೊರಳಿಸೂದು.
ಎರಡು ತಾಸಿಗೊಮ್ಮೆ, ಅಂದಳು ಸಿಸ್ಟರ್.
ತಾತ್ಯಾನ ಬಗಲಿಗೆ ಕೈ ಹಾಕಿ ದಿಂಬಿನ ಕಡೆ ಎಳದೆ,
ಹದಿನೇಳು ವರ್ಷ ಎಳದಂಗ.
ಎಳೀಬ್ಯಾಡ್ರಿ ಮೌಶಿ.
ಎಳದ್ರ ಒಳಗಿಂದೊಳಗ ಹರೀತದ,
ಮ್ಯಾಲೆ ತೊಗಲಿಗೆ ಕಾಣೂದಿಲ್ಲ.
ಕೆಂಪಾದಲ್ಲಿ ತಿಕ್ಕಲೂಬಾರದು.

ಸದಾಶಿವ ಪೇಠದ ದಾತಾರ ಆಜಿ.
ಹನ್ನೊಂದು ತಿಂಗಳು.
ನಡದ ಕೆಳಗ ಮೊದಲು ಒಂದು ರೂಪಾಯಿಯಷ್ಟು ಕೆಂಪು,
ಆಮ್ಯಾಲ ಒಂದು ಬಟ್ಟಲ.
ಮಗಾ ಅಂದಿದ್ದ: ವಯಸ್ಸಾತು, ಸಕ್ಕರಿ ಬ್ಯಾನಿ, ಏನ ಮಾಡೂದು.
ನಾನೂ ಅಂದಿದ್ದೆ: ಹಣೇಬರ.
ಕೊಬ್ಬರಿ ಎಣ್ಣಿ ಬಿಸಿ ಮಾಡಿ ತಿಕ್ಕಿದ್ದೆ,
ಕೆಂಪಾದಲ್ಲೇ, ಅಂತಃಕರಣದಿಂದ, ಜೋರಾಗಿ.
ಆಜಿ ಹಲ್ಲು ಕಚಗೊಂಡು ‘ಛಾನ್’ ಅಂತಿದ್ದಳು,
ನನ್ನ ಮನಸ್ಸಿಗೆ ನೋವಾಗಬಾರದಂತ.

ನನಗ ಯಾರೂ ಹೇಳಿರಲಿಲ್ಲ, ಅಂತ ನಾಲಿಗಿ ತುದಿಗೆ ಬಂತು.
ಖರೇ ಮಾತು.
ಖರೇ ಆದ್ರೂ ಆಜಿ ಬೆನ್ನಿಗೆ ಅದು ಮುಲಾಮಲ್ಲ.
ಅವತ್ತು ಬ್ಯುರೋದಾವ ನನ್ನ ಕೇಳಿದ್ದು ಎರಡೇ:
ಆಧಾರ್ ಕಾರ್ಡ್ ಅದನು? ಮಾಂಸ ತಿಂತೀಯೇನು?
ಹೊರಳಿಸಲಿಕ್ಕೆ ಬರತದನು ಅಂತ ಕೇಳಲಿಲ್ಲ.
ದಾತಾರ ಮಂದಿನೂ ಕೇಳಲಿಲ್ಲ.
ಕೇಳಿದ್ರ ಬರತದ ಅಂತಿದ್ದೆ, ಅದೂ ಖರೇ.

ಕ್ಲಾಸು ಬಿಟ್ಟಿತು. ಹುಡುಗ್ಯಾರು ವಡಾಪಾವಿಗೆ ಇಳದರು.
ತಾತ್ಯಾನ ಮೊಣಕಾಲು ಮಡಚಿ,
ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ,
ಎಡಕ್ಕ ಹೊರಳಿಸಿದೆ. ಬೆನ್ನಿಗೆ ದಿಂಬು. ಮೊಣಕಾಲ ನಡುವ ಇನ್ನೊಂದು.
ಚಾದರದ ಮಡಿಕಿ ತೀಡಿದೆ.
ದೀಪ ಆರಿಸಲಿಕ್ಕೆ ಬಂದ ಸಿಸ್ಟರ್ ಬಾಗಿಲದಾಗ ನಿಂತು
ಮೌಶಿ, ಅದು ಗೊಂಬಿ, ಅಂದಳು.
ಗೊತ್ತದರಿ.

ಆರೂ ನಲವತ್ತರ ಲೋಕಲ್ ಹೋತು, ಮಂಚ ನಡಗಿತು.
ಎಂಟೂ ನಲವತ್ತಕ್ಕ ಬಲಕ್ಕ ಹೊರಳಿಸಬೇಕು.
ಅಷ್ಟೊತ್ತಿಗೆ ಇಲ್ಲಿ ಕೀಲಿ ಹಾಕಿರತಾರ.